ನನ್ನ ಒಂದು ಕಾಲು, ಮೂರು ಪಾಸ್‌ಪೋರ್ಟು

ನಮ್ಮ ಕಡೆ ಯಾರ ಕಾಯಿಲೆಯೂ ಅವರೊಬ್ಬರದೇ ಆಗಿರುವುದಿಲ್ಲ. ಜ್ವರ ಬಂದದ್ದು ನಿಮಗೇ ಇರಬಹುದು. ಆದರೆ ಅದು ಯಾಕೆ ಬಂತು, ಯಾರ ಮನೆಯ ಊಟದಿಂದ ಬಂತು, ಯಾವ ಡಾಕ್ಟರಿಗೆ ತೋರಿಸಿದ್ದು ತಪ್ಪಾಯಿತು ಎಂಬುದನ್ನೆಲ್ಲ ತೀರ್ಮಾನಿಸುವವರು ಬೇರೆಯವರು. ರಾಯಚೂರಿನ ಯಾವ ಆಸ್ಪತ್ರೆಯ ಮುಂದೆ ಬೇಕಾದರೂ ನಿಂತು ನೋಡಿ, ಒಬ್ಬ ರೋಗಿಗೆ ಒಂದು ಕ್ರೂಸರ್ ಗಾಡಿ ತುಂಬ ಜನ ಬಂದಿರುತ್ತಾರೆ. ದೇವದುರ್ಗದಿಂದಲೋ ಜಾಲಹಳ್ಳಿಯಿಂದಲೋ ನಸುಕಿನಲ್ಲೇ ಹೊರಟು, ಬಾಳೆಹಣ್ಣಿನ ಚೀಲ, ಬಿಸ್ಕಿಟ್ ಪುಡಿಕೆ, ಎಳನೀರು ಹಿಡಿದುಕೊಂಡು, ಮಂಚದ ಸುತ್ತ ನಿಂತು ರೋಗಿಯನ್ನು ಬಿಟ್ಟು ಉಳಿದವರೆಲ್ಲ ಮಾತಾಡುತ್ತಿರುತ್ತಾರೆ. ಇದಕ್ಕೆ ನಾವು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತೇವೆ. ಮದುವೆಗೆ ಹೋಗದಿದ್ದರೆ ಏನಾದರೊಂದು ನೆಪ ಹೇಳಿ ಪಾರಾಗಬಹುದು. ಮಲಗಿದವರನ್ನು ಮಾತಾಡಿಸಲು ಹೋಗದಿದ್ದರೆ ಮಾತ್ರ ಆ ಸಂಬಂಧ ಅಲ್ಲಿಗೆ ಮುಗಿಯಿತು ಎಂದೇ ಅರ್ಥ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಒಮ್ಮೆ ಹರ್ನಿಯಾ ಆಪರೇಷನ್ ಆಗಿತ್ತು. ಸಿರವಾರದಿಂದ ನನ್ನ ಚಿಕ್ಕಪ್ಪನ ಮಗ ಪಾಂಡುರಂಗ ಮಾತಾಡಿಸಲು ಬಂದ. ಅಕ್ಕಿ ದಲಾಲಿ ಮಾಡುವವನು, ಬಿಸಿಲಲ್ಲಿ ಬಂದಿದ್ದ, ಊಟವೂ ಆಗಿತ್ತು. ನಾನು ಡಾಕ್ಟರು ಹೇಳಿದಂತೆ ವರಾಂಡದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿ ಬರುವಷ್ಟರಲ್ಲಿ ಅವನು ನನ್ನ ಮಂಚದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ನರ್ಸು ಬಂದು ಅವನ ಬಿ.ಪಿ. ನೋಡಿ, ನನ್ನ ಚಾರ್ಟಿನಲ್ಲಿ ಬರೆದುಕೊಂಡು, ಬಾಗಿಲಲ್ಲಿ ನಿಂತಿದ್ದ ನನ್ನನ್ನು “ಪೇಷಂಟ್ ಮಲಗ್ಯಾರ, ಗದ್ದಲ ಮಾಡಬ್ಯಾಡ್ರಿ” ಎಂದು ಗದರಿಸಿ ಹೋದಳು. ನಾನು ಸ್ಟೂಲಿನ ಮೇಲೆ ಕುಳಿತು ಕಾದೆ. ಎಬ್ಬಿಸಬಹುದಿತ್ತು. ಆದರೆ ಯಾರ ಮನಸ್ಸನ್ನೂ ನೋಯಿಸದೆ ಬದುಕುವುದು ನನ್ನ ಸ್ವಭಾವ. ಹೆಂಡತಿ ಸುಧಾ ಇದನ್ನು ಪುಕ್ಕಲುತನ ಎನ್ನುತ್ತಾಳೆ. ಅವಳು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್, ಎಲ್ಲದಕ್ಕೂ ಒಂದೇ ಶಬ್ದದಲ್ಲಿ ಉತ್ತರ ಬಯಸುವವಳು.

ಇಂಥ ನನ್ನನ್ನು ಹೋದ ವರ್ಷ ಬಾಗಲವಾಡದ ಬಸನಗೌಡ ತನ್ನ ದೇಶಕ್ಕೆ ಕರೆದ. ಬಸನಗೌಡ ಮಾನ್ವಿಯ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ, ಮೆಡಿಕಲ್ ಕಾಲೇಜಿನ ಪ್ರೊಫೆಸರ್. ನಮ್ಮ ಮಾನ್ವಿ ತಾಲ್ಲೂಕಿನಷ್ಟೂ ಇಲ್ಲದ ದೇಶ ಅದು. ಆದರೂ ಅದಕ್ಕೊಂದು ಬಾವುಟ, ಒಬ್ಬ ಪ್ರಧಾನಮಂತ್ರಿ, ಸುತ್ತಲೂ ಬೇಕಾದಷ್ಟು ನೀರು. ಎಡದಂಡೆ ಕಾಲುವೆಗೆ ನೀರು ಬಂತೋ ಇಲ್ಲವೋ ಎಂದು ಕೇಳುತ್ತಲೇ ಬೆಳೆದ ನನಗೆ ಆ ಫೋಟೋಗಳನ್ನು ನೋಡಿ ಹೊಟ್ಟೆ ಉರಿಯಿತು. “ಒಂದು ತಿಂಗಳು ಬಂದು ಇರಲೇ ಶಾಮ, ರಿಟೈರ್ ಆಗಿ ಏನು ಕಿಸಿಲಿಕತ್ತಿ ಅಲ್ಲಿ” ಎಂದ ಬಸನಗೌಡ. ಸುಧಾಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊಣೆ, ರಜೆ ಸಿಗುವಂತಿರಲಿಲ್ಲ. ನಾನೊಬ್ಬನೇ ಹೊರಟೆ.

“ಆದ್ರ ಮೆಡಿಕಲ್ ಇನ್ಶೂರೆನ್ಸ್ ಮಾಡಿಸ್ಕೊಂಡೇ ಬಾ” ಎಂದ ಅವನು. ನೀನೇ ಡಾಕ್ಟರ್ ಇದ್ದೀಯಲ್ಲ, ಮತ್ತೇಕೆ ಎಂದೆ. “ನಾ ಅನಾಟಮಿ ಹೇಳಾಂವ. ಸತ್ತವರನ್ನ ಬಿಟ್ಟು ಬ್ಯಾರೆ ಯಾರನ್ನೂ ಮುಟ್ಟಿ ಇಪ್ಪತ್ತು ವರ್ಷ ಆತು. ಇಲ್ಲಿ ಇರೋದು ಒಂದೇ ದೊಡ್ಡ ಆಸ್ಪತ್ರೆ. ಅವರ ಕೈಲೆ ಆಗಲಿಲ್ಲಂದ್ರ ವಿಮಾನದಾಗ ಬಾಜೂ ದೇಶಕ್ಕ ಒಯ್ತಾರ. ಪಾಲಿಸಿ ಇಲ್ಲಂದ್ರ ನಿನ್ನ ಮನಿ ಮಾರಬೇಕಾಗ್ತದ” ಎಂದ. ಮನೆ ಸುಧಾಳ ಹೆಸರಿನಲ್ಲಿದೆ. ಆದ್ದರಿಂದ ಅವಳೇ ಮರುದಿನ ಬೆಳಿಗ್ಗೆ ಏಜೆಂಟ್ ಘೌಸ್‌ನನ್ನು ಕರೆಸಿದಳು.

ಘೌಸ್ ನನ್ನ ಹಳೆಯ ವಿದ್ಯಾರ್ಥಿ. ಕಪ್ಪೆ ಕೊಯ್ಯಲು ಹೆದರಿ ಲ್ಯಾಬಿನಿಂದ ಓಡಿಹೋದವನು. ಈಗ ಮನುಷ್ಯರಿಗೆ ಆಗಬಹುದಾದ ಅನಾಹುತಗಳನ್ನು ಅವನಷ್ಟು ಖುಷಿಯಿಂದ ವರ್ಣಿಸುವವರು ಊರಲ್ಲಿ ಇನ್ನೊಬ್ಬರಿಲ್ಲ. “ಸರ, ಹೋದ ಮರುದಿನಾನೇ ನಿಮಗ ಹಾರ್ಟ್ ಅಟ್ಯಾಕ್ ಆತು ಅಂತ ಇಟ್ಕೋರಿ” ಎಂದು ಶುರು ಮಾಡಿದ. ಇಟ್ಟುಕೊಂಡೆ. “ಏನೂ ಫಿಕರ್ ಇಲ್ಲ. ವಿಮಾನದಾಗ ಮಲಗಿಸಿ ಒಯ್ತಾರ. ಒಳಗ ಡಾಕ್ಟರು, ನರ್ಸು, ಆಕ್ಸಿಜನ್ ಎಲ್ಲಾ ಇರ್ತದ. ಪೂರಾ ವಿಮಾನ ನಿಮಗೊಬ್ಬರಿಗೇ ಸರ.” ಅವನು ಹೇಳಿದ ರೀತಿಗೆ, ಒಮ್ಮೆ ಆಗಿಯೇ ನೋಡಬಾರದೇಕೆ ಎಂದು ನನಗೂ ಆಸೆಯಾಯಿತು. ಕಾಲು ಮುರಿದರೆ ಏನು ಸಿಗುತ್ತದೆ, ಹಲ್ಲು ಬಿದ್ದರೆ ಏನು ಸಿಗುತ್ತದೆ ಎಂದು ಹೋಟೆಲ್ ಮಾಣಿಯ ಹಾಗೆ ಒಂದೊಂದಾಗಿ ಹೇಳುತ್ತ ಹೋದವನು ಸ್ವಲ್ಪ ದನಿ ತಗ್ಗಿಸಿ, “ಅಲ್ಲಾ ಹಂಗ ಮಾಡದಿರಲಿ, ಸರ ತೀರಿಕೊಂಡ್ರೂ ಬಾಡಿ ವಾಪಸ್ ಕಳಿಸೋ ಖರ್ಚು ಕಂಪನೀದೇ” ಎಂದ. ಸುಧಾ ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆ ಎತ್ತದೆಯೇ, “ಹೈದರಾಬಾದ್ ಏರ್‌ಪೋರ್ಟ್ ತನಕಾನೋ, ರಾಯಚೂರು ತನಕಾನೋ?” ಎಂದು ಕೇಳಿದಳು. ಮನೆ ಬಾಗಿಲಿಗೇ ಎಂದು ಘೌಸ್ ಭರವಸೆ ಕೊಟ್ಟ ಮೇಲೆ ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡಳು.

ಅಷ್ಟಕ್ಕೇ ಅವನು ಎದ್ದುಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. “ಇನ್ನೊಂದು ಮಸ್ತ್ ಅದ ಸರ” ಎಂದ. “ನೀವು ಅಲ್ಲಿ ಒಂದು ವಾರದ ಮ್ಯಾಲೆ ಅಡ್ಮಿಟ್ ಆದ್ರಿ ಅಂದ್ರ, ನಿಮ್ಮನ್ನ ನೋಡಾಕ ಇಲ್ಲಿಂದ ಒಬ್ಬ ಸಂಬಂಧಿಕರಿಗೆ ಹೋಗಿಬರೋ ಟಿಕೆಟ್, ಉಳಿಯೋ ಹೋಟೆಲ್, ಎಲ್ಲಾ ಫ್ರೀ. ಯಾರು ಬರ್ತಾರಂತ ಮನಿಯೊಳಗ ಮೊದಲೇ ಮಾತಾಡಿ ಇಟ್ಕೊಂಡಿದ್ರ ಚಲೋ.” ಆಗ ಅಡುಗೆಮನೆಯಿಂದ ಚಹಾದ ಕಪ್ಪು ಹಿಡಿದು ಬಂದವನು ನನ್ನ ಹೆಂಡತಿಯ ತಮ್ಮ ಗುರುರಾಜ. ಮಾನ್ವಿಯಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ ಇದೆ, ಆದರೆ ಅಲ್ಲಿ ಝೆರಾಕ್ಸಿಗಿಂತ ಕ್ರಿಕೆಟ್ ಹೆಚ್ಚು ನಡೆಯುತ್ತದೆ. ಆ ಸಮುದ್ರದ ದ್ವೀಪಗಳನ್ನೆಲ್ಲ ಅವನು ವೆಸ್ಟ್ ಇಂಡೀಸ್ ಎಂಬ ಒಂದೇ ಹೆಸರಿನಿಂದ ಬಲ್ಲ, ಮತ್ತು ಅಲ್ಲಿನ ಮೈದಾನಗಳನ್ನು ನಮ್ಮ ಮನೆಯ ಕೋಣೆಗಳಿಗಿಂತ ಚೆನ್ನಾಗಿ ಬಲ್ಲ. ಅವನು ಕಪ್ಪನ್ನು ಕೆಳಗಿಟ್ಟು, ಹುಟ್ಟಿದಾಗಿನಿಂದ ಎಂದೂ ನೋಡದಷ್ಟು ಪ್ರೀತಿಯಿಂದ ನನ್ನನ್ನು ನೋಡಿದ.

“ಭಾವ, ನಿಮ್ಮ ಮಾರಿ ಸ್ವಲ್ಪ ಇಳದದ ಅನ್ನಸ್ತದ” ಎಂದ.

ಅಂದಿನಿಂದ ನನ್ನ ಆರೋಗ್ಯಕ್ಕೆ ಹಿಂದೆಂದೂ ಇಲ್ಲದ ಬೆಲೆ ಬಂತು. ಗುರುರಾಜ ವಾರಕ್ಕೆರಡು ಸಲ ಮಾನ್ವಿಯಿಂದ ಬಂದ. ಬರುವಾಗ ಮಿರ್ಚಿ ಭಜಿ ತಂದ. ನನಗೆ ಶುಗರ್ ಇದೆ ಎಂದು ಗೊತ್ತಿದ್ದೂ ಮೈಸೂರುಪಾಕು ತಂದ. ಒಂದು ದಿನ ಬೀಳ್ಕೊಡುವಾಗ ಪಕ್ಕಕ್ಕೆ ಕರೆದು, “ಅಡ್ಮಿಟ್ ಆದ್ರ ಒಂದು ವಾರ ಗಟ್ಟಿಯಾಗಿ ಮಲಗ್ರಿ ಭಾವ, ಅರ್ಧಕ್ಕ ಎದ್ದು ಬರಬ್ಯಾಡ್ರಿ. ನಿಮ್ಮದು ಗಡಿಬಿಡಿ ಸ್ವಭಾವ” ಎಂದು ಬುದ್ಧಿ ಹೇಳಿದ. ಆ ಒಬ್ಬ ಸಂಬಂಧಿ ಎಂದು ತನ್ನ ಹೆಸರನ್ನೇ ಹೇಳಬೇಕು ಎಂದ. ಇವನನ್ನು ಈಗ ನಿರಾಶೆ ಮಾಡಿ ಏನು ಸಾಧಿಸಬೇಕಾಗಿದೆ, ನಾನು ಕಾಯಿಲೆ ಬೀಳುವುದೂ ಇಲ್ಲ, ಇವನು ಬರುವುದೂ ಇಲ್ಲ ಎಂದುಕೊಂಡು, “ನಿನ್ನದೇ ಹೇಳೀನಪಾ” ಎಂದೆ.

ಎರಡು ದಿನ ಬಿಟ್ಟು, ಪಾಲಿಸಿಯ ಸುದ್ದಿ ಹೇಗೋ ಮುಟ್ಟಿ, ಪಾಂಡುರಂಗ ಸಿರವಾರದಿಂದ ಒಂದು ಚೀಲ ಸೋನಾ ಮಸೂರಿ ತಂದು ಇಳಿಸಿದ. ಅವನಿಗೆ ಕ್ರಿಕೆಟ್ ಬೇಡ, ಸಮುದ್ರ ಬೇಡ. “ಅಣ್ಣಾ, ಒಮ್ಮೆ ವಿಮಾನದಾಗ ಕುಂದರಬೇಕು, ಅಷ್ಟ. ಹೋಗಿ ನಿನ್ನ ಮಾರಿ ನೋಡಿ ಹಂಗೇ ವಾಪಸ್ ಹತ್ತಿ ಬರ್ತೀನಿ” ಎಂದ. ಅವನ ಬಿ.ಪಿ.ಯ ಮೇಲೆ ಒಮ್ಮೆ ಡಿಸ್ಚಾರ್ಜ್ ಆದವನು ನಾನು. ಋಣ ಇತ್ತು. ಅವನಿಗೂ ಹೂಂ ಎಂದೆ. ಪ್ರಯಾಣಕ್ಕೆ ಮೊದಲು ಕಂಪನಿಯವರು ನನ್ನ ರಕ್ತ, ಇ.ಸಿ.ಜಿ. ಎಲ್ಲ ಪರೀಕ್ಷೆ ಮಾಡಿಸಿದರು. ಶುಗರ್ ಒಂದು ಬಿಟ್ಟು ಎಲ್ಲ ಚೆನ್ನಾಗಿದೆ ಎಂದು ಬಂತು. ಆ ಸಂಜೆ ಇಬ್ಬರೂ ಫೋನ್ ಮಾಡಿ ರಿಸಲ್ಟ್ ಕೇಳಿದರು, ಇಬ್ಬರ ದನಿಯೂ ಬಿದ್ದುಹೋಯಿತು.

ಹೊರಡುವ ಮುನ್ನ ದೇವದುರ್ಗಕ್ಕೆ ಹೋಗಿ ತುಂಗಕ್ಕನಿಗೆ ನಮಸ್ಕಾರ ಮಾಡಿ ಬಂದೆ. ತುಂಗಕ್ಕ ನನ್ನ ದೊಡ್ಡಕ್ಕ, ಎಪ್ಪತ್ತು ದಾಟಿದೆ. ಅವ್ವ ಬೇಗ ಹೋದದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ನಮ್ಮ ಬಳಗದಲ್ಲಿ ಯಾರೇ ಮಲಗಲಿ, ತುಂಗಕ್ಕ ಬಂದು ಮಂಚದ ಕಾಲ್ದೆಸೆಯಲ್ಲಿ ಕೂತು, ಪಾದ ಒತ್ತುತ್ತ, “ಏನಾಗಿಲ್ಲ, ಏಳು” ಎನ್ನದೆ ಅವರು ಎದ್ದ ಉದಾಹರಣೆ ಇಲ್ಲ. ಇದರಲ್ಲಿ ತಮಾಷೆಯೆಂದರೆ ಅವಳಿಗೆ ಬಸ್ಸು ಆಗಿಬರುವುದಿಲ್ಲ. ಬಸ್ಸಿನ ವಾಸನೆಗೇ ವಾಂತಿ. ಮೂಗಿಗೆ ನಿಂಬೆಹಣ್ಣು ಹಿಡಿದು, ಕಣ್ಣು ಮುಚ್ಚಿ, ನಡುದಾರಿಯ ಗಬ್ಬೂರು ಬರುವಷ್ಟರಲ್ಲಿ ಅರ್ಧ ಜೀವವಾಗಿ ರಾಯಚೂರಿಗೆ ಬರುತ್ತಾಳೆ. ಅವಳು ಆಸ್ಪತ್ರೆಯೊಳಗೆ ಕಾಲಿಟ್ಟಾಗ ಅನೇಕ ಸಲ ನರ್ಸುಗಳು ಮೊದಲು ಅವಳನ್ನೇ ಮಲಗಿಸಿದ್ದುಂಟು.

ನಾನು ಸಮುದ್ರ, ದ್ವೀಪ, ಏರ್ ಆಂಬ್ಯುಲೆನ್ಸ್ ಎಂದೆಲ್ಲ ವರ್ಣಿಸಿದೆ. ಅವಳು ಅವಲಕ್ಕಿ ಹಚ್ಚುತ್ತ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು: “ಅಲ್ಲೋ ಶಾಮ, ಅಲ್ಲಿ ನಿನಗ ಆರಾಮಿಲ್ಲದಂಗಾದ್ರ ಮಾತಾಡಸ್ಲಿಕ್ಕೆ ಯಾರು ಬರ್ತಾರೋ?” ನಾನು ನಗುತ್ತ ಪಾಲಿಸಿಯ ವಿಷಯ ಹೇಳಿದೆ. ಅವಳ ಮುಖದಲ್ಲಿ ಚಿಂತೆ ಹಾಗೆಯೇ ಇತ್ತು. ನೋಡಲಾಗದೆ, “ನಿನ್ನ ಹೆಸರೇ ಹೇಳೀನಿ ಅಕ್ಕ” ಎಂದುಬಿಟ್ಟೆ. ತಮಾಷೆ ಎಂದು ತಿಳಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಅವಲಕ್ಕಿಯ ತಟ್ಟೆ ನನ್ನ ಮುಂದಿಟ್ಟು, “ಹಂಗಾದ್ರ ಚಿಂತಿಲ್ಲ ಬಿಡು” ಎಂದಳು.

ದ್ವೀಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಂದ ಇತ್ತು. ಗಾಳಿಗೆ ಹಸಿವಾಯಿತು, ನಿದ್ದೆ ಬಂತು, ಶುಗರ್ ಇಳಿಯಿತು. ಬಸನಗೌಡ ಬಾಗಲವಾಡದ ಜೋಳವನ್ನು ಹೇಗೆ ತರಿಸಿದ್ದನೋ, ದಿನಾ ತಾನೇ ರೊಟ್ಟಿ ಬಡಿದ. ಆದರೆ ಮನೆಯ ಕಡೆಯಿಂದ ಬರುವ ಫೋನುಗಳಿಗೆ “ಆರಾಮಿದ್ದೀನಿ” ಎನ್ನಲು ನನಗೆ ದಿನದಿನಕ್ಕೆ ಸಂಕೋಚವಾಗತೊಡಗಿತು. ಅಷ್ಟು ಪ್ರೀತಿಯಿಂದ ಕೇಳುವವರಿಗೆ ಒಂದು ನೆಗಡಿಯನ್ನಾದರೂ ಕೊಡಬೇಕು ಅನ್ನಿಸುತ್ತಿತ್ತು. ಮೂರನೆಯ ವಾರ ಗುರುರಾಜನಿಗೆಂದು ಅಲ್ಲಿಯ ಕ್ರಿಕೆಟ್ ಮೈದಾನದ ಫೋಟೋ ತೆಗೆಯಲು ಹೋದೆ. ಇಡೀ ಮೈದಾನ ಒಂದೇ ಫೋಟೋದಲ್ಲಿ ಬರಲಿ ಎಂದು ಹಿಂದೆ ಹಿಂದೆ ಸರಿದು, ಚರಂಡಿಯಲ್ಲಿ ಬಿದ್ದೆ. ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿತು.

ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಒಳ್ಳೆಯ ಆಸ್ಪತ್ರೆ, ಒಳ್ಳೆಯ ಜನ. ಹಾಸಿಗೆ ಬೆಳ್ಳಗಿತ್ತು, ಕಿಟಕಿಯಲ್ಲಿ ಸಮುದ್ರ ಕಾಣುತ್ತಿತ್ತು. ಸಂಜೆ ಒಂದು ತಾಸು ಮಾತ್ರ ಯಾರಾದರೂ ನೋಡಲು ಬರಬಹುದು, ಅದೂ ಇಬ್ಬರೇ. ಬಸನಗೌಡ ಕ್ಲಾಸು ಮುಗಿಸಿ ಬಂದು, ನನ್ನ ಎಲುಬಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಸಂತೋಷಪಟ್ಟು, ಹೊತ್ತಾಯಿತೆಂದು ಹೋದ. ಆಮೇಲೆ ಯಾರೂ ಇಲ್ಲ. ಯಾರೂ ನನ್ನ ಮಂಚದ ಮೇಲೆ ಕೂರಲಿಲ್ಲ, ನನ್ನ ಬಿಸ್ಕಿಟ್ ತಿನ್ನಲಿಲ್ಲ, ನಾನು ಚಪ್ಪಲಿ ಸರಿಯಾದದ್ದು ಹಾಕಿರಲಿಲ್ಲ ಎಂದು ಬೈಯಲಿಲ್ಲ. ವಿಮಾನದ ಖರ್ಚು, ಹಲ್ಲಿನ ಖರ್ಚು, ಹೆಣದ ಖರ್ಚು ಎಲ್ಲ ಕೊಡುವ ಪಾಲಿಸಿ ನನ್ನ ತಲೆದಿಂಬಿನ ಕೆಳಗಿತ್ತು. ನನಗೆ ಅಳು ಬಂತು. ಕಾಲು ನೋಯುತ್ತಿದೆಯೆಂದು ತಿಳಿದ ನರ್ಸು ಒಂದು ಗುಳಿಗೆ ಕೊಟ್ಟಳು.

ಮರುದಿನ ಬೆಳಿಗ್ಗೆ, ಅಂದರೆ ಊರಿನಲ್ಲಿ ಸಂಜೆ, ಸುಧಾಳ ಫೋನು ಬಂತು. ಕಾಲು ಹೇಗಿದೆ ಎಂದು ಕೇಳಲಿಲ್ಲ. “ಇವತ್ತು ಪಾಸ್‌ಪೋರ್ಟ್ ಆಫೀಸಿನೊಳಗ ಏನಾತು ಗೊತ್ತದ ಏನ್ರಿ?” ಎಂದಳು. ನನಗೆ ಗೊತ್ತಿರಲಿಲ್ಲ. ಆದರೆ ಅವಳ ದನಿ ಕೇಳಿಯೇ ಒಳ್ಳೆಯದಾಗಿಲ್ಲ ಎಂದು ತಿಳಿಯಿತು.

ಆದದ್ದು ಇಷ್ಟು. ನಾನು ದೇಶ ಬಿಟ್ಟ ಮೇಲೆ ಮೂವರೂ, ಒಬ್ಬರಿಗೊಬ್ಬರು ತಿಳಿಯದಂತೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಮೂವರಿಗೂ ಅಪಾಯಿಂಟ್‌ಮೆಂಟ್ ಸಿಕ್ಕಿದ್ದು ಅದೇ ದಿನ, ಅದೇ ಬೆಳಿಗ್ಗೆ. ಹಿಂದಿನ ದಿನ ನಾನು ಬಿದ್ದ ಸುದ್ದಿ ತಿಳಿದು ಮೂವರೂ ಹುರುಪಿನಲ್ಲಿದ್ದರು. ಸಾಲಿನಲ್ಲಿ ನಿಂತಿದ್ದ ಗುರುರಾಜ ಮುಂದೆ ನೋಡುತ್ತಾನೆ, ನಿಂಬೆಹಣ್ಣು ಮೂಗಿಗೆ ಹಿಡಿದು ತುಂಗಕ್ಕ ಕುರ್ಚಿಯಲ್ಲಿ ಒರಗಿದ್ದಾಳೆ. ದೇವದುರ್ಗದಲ್ಲಿ ಬಾಜೂ ಮನೆಯ ಟೀಚರಮ್ಮ ಅರ್ಜಿ ಹಾಕಿಕೊಟ್ಟು ಜೊತೆಗೆ ಕರೆತಂದಿದ್ದಳಂತೆ. “ಇಲ್ಯಾಕ ಬಂದೀರಿ ತುಂಗಕ್ಕ?” ಎಂದಿದ್ದಾನೆ. “ಶಾಮ ನನ್ನ ಹೆಸರು ಹೇಳ್ಯಾನ, ಹೋಗಬೇಕಲ್ಲೋ” ಎಂದಿದ್ದಾಳೆ. “ನಿಮ್ಮದಲ್ಲ, ನಂದು ಹೇಳ್ಯಾರ” ಎಂದು ಇವನು. ಹಿಂದಿನಿಂದ ಪಾಂಡುರಂಗ, “ಏನಂದಿ ನೀನು?” ಎಂದು ಮುಂದೆ ಬಂದ. ಗಲಾಟೆ ಕೇಳಿ ಕೌಂಟರಿನವರು ಎದ್ದುನಿಂತು ಯಾಕೆ ಹೋಗುತ್ತಿದ್ದೀರಿ ಎಂದು ವಿಚಾರಿಸಿದರೆ ಮೂವರೂ ಒಂದೇ ಉತ್ತರ ಕೊಟ್ಟರು: ಶಾಮರಾಯರನ್ನ ಮಾತಾಡಸ್ಲಿಕ್ಕೆ. “ಒಬ್ಬ ಪೇಷಂಟಿಗೆ ಇಲ್ಲಿಂದ ಮೂರು ಜನ ಹೊರಟಿದ್ದೀರಾ?” ಎಂದು ಅವರು ಬೆರಗಾದರಂತೆ. ಅವರು ಈ ಕಡೆಯವರಲ್ಲ ಎಂದು ಕಾಣುತ್ತದೆ.

“ಮೂರೂ ಮಂದಿಗೆ ಹೇಳೀರಿ. ನನಗೊಬ್ಬಾಕಿಗೆ ಹೇಳಿಲ್ಲ” ಎಂದು ಹೇಳಿ ಸುಧಾ ಫೋನಿಟ್ಟಳು. ಆ ಮೂರು ಸುಳ್ಳುಗಳ ಮೇಲೆ ನಾಲ್ಕನೆಯ ತಪ್ಪೊಂದಿದೆ ಎಂದು ನನಗೆ ಆಗಲೇ ಹೊಳೆದದ್ದು.

ಅಂದಿನಿಂದ ಫೋನುಗಳು ನಿಂತುಹೋದವು. ಊರಿಗೆ ಮರಳಿದೆ. ಹೈದರಾಬಾದಿನಲ್ಲಿ ಗಾಲಿಕುರ್ಚಿಯಲ್ಲಿ ಇಳಿದು, ಕಾಲಿಗೆ ಪ್ಲಾಸ್ಟರ್ ಸುತ್ತಿಕೊಂಡು, ರಾಯಚೂರಿನ ಮನೆಯ ಪಡಸಾಲೆಯಲ್ಲಿ ಎಲ್ಲರಿಗೂ ಕಾಣುವಂತೆ ಮಂಚ ಹಾಕಿಸಿಕೊಂಡು ಮಲಗಿದೆ. ಯಾರೂ ಬರಲಿಲ್ಲ. ಒಂದು ದಿನವಾಯಿತು, ಒಂದು ವಾರವಾಯಿತು. ಗೇಟಿನ ಸಪ್ಪಳವಾದಾಗಲೆಲ್ಲ ಕಾಲನ್ನು ಸ್ವಲ್ಪ ಮೇಲೆತ್ತಿ ದಿಂಬಿನ ಮೇಲಿಟ್ಟುಕೊಳ್ಳುತ್ತಿದ್ದೆ, ಬರುತ್ತಿದ್ದವನು ಹಾಲಿನವನು. “ಮನಿಯೊಳಗ ಒಬ್ಬರು ಮಲಗ್ಯಾರ, ಬಾಳೆಹಣ್ಣು ನಾವೇ ರೊಕ್ಕ ಕೊಟ್ಟು ತಂದೀವಿ. ಹಿಂಗ ಎಂದೂ ಆಗಿದ್ದಿಲ್ಲ” ಎಂದಳು ಸುಧಾ. ಅವಳು ತಮಾಷೆಗೆ ಹೇಳಿದಳು, ನಾನು ಸುಲಿದ ಹಣ್ಣನ್ನು ಹಾಗೆಯೇ ತಟ್ಟೆಯಲ್ಲಿಟ್ಟೆ. ಗುರುರಾಜ, ಪಾಂಡುರಂಗ ಸಿಟ್ಟಾದದ್ದು ಸಹಿಸಬಹುದು. ಅಕ್ಕ ಬರದಿದ್ದರೆ ನಾನು ಈ ಬಳಗದಲ್ಲಿ ಇನ್ನು ಇಲ್ಲ ಎಂದೇ ಲೆಕ್ಕ. ನನಗೆ ನಿಜವಾಗಿಯೂ ಭಯವಾಯಿತು. ಫೋನ್ ಮಾಡಲು ಮಾತ್ರ ಧೈರ್ಯವಿಲ್ಲ.

ಒಂದು ಮಧ್ಯಾಹ್ನ ಆಟೋ ಬಂದು ನಿಂತಿತು. ನಿಂಬೆಹಣ್ಣು ಮೊದಲು ಇಳಿಯಿತು, ಹಿಂದೆ ತುಂಗಕ್ಕ. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಗೋಡೆ ಹಿಡಿದು ಒಳಗೆ ಬಂದವಳು ನನ್ನ ಕಾಲನ್ನಾಗಲಿ ಮುಖವನ್ನಾಗಲಿ ನೋಡದೆ, “ಸರಿ ಆ ಕಡೆ” ಎಂದಳು. ಸರಿದೆ. ನನ್ನ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಸುಧಾ ಶಾಲೆಗೆ ಹೋಗಿದ್ದಳು. ನಾನೇ ಕುಂಟುತ್ತ ಹೋಗಿ ನಿಂಬೆ ಶರಬತ್ತು ಮಾಡಿ ತಂದು ಕುಡಿಸಿ, ಕಾಲ್ದೆಸೆಯಲ್ಲಿ ಕೂತು ಅವಳ ಪಾದ ಒತ್ತಿದೆ. “ಏನಾಗಿಲ್ಲ, ಏಳು ಅಕ್ಕ” ಎಂದೆ. ಅವಳು ಏಳಲಿಲ್ಲ, ಆದರೆ ತುಟಿಯ ಅಂಚು ಸ್ವಲ್ಪ ನಕ್ಕಿತು.

ತುಂಗಕ್ಕ ರಾಯಚೂರಿಗೆ ಬಂದು ಮಲಗಿದ್ದಾಳೆ ಎಂಬ ಸುದ್ದಿ ಹೇಗೆ ಹೋಯಿತೋ ತಿಳಿಯದು. ಸಂಜೆಯೊಳಗೆ ಮಾನ್ವಿಯಿಂದ ಗುರುರಾಜ, ಸಿರವಾರದಿಂದ ಪಾಂಡುರಂಗ ಬಂದರು. ಇಬ್ಬರ ಕೈಯಲ್ಲೂ ಬಾಳೆಹಣ್ಣು. ಇಬ್ಬರೂ ನನ್ನನ್ನು ದಾಟಿ ಹೋಗಿ ಅವಳ ಕೈಯಲ್ಲಿ ಕೊಟ್ಟು, ಹೇಗಿದ್ದೀರಿ, ಏನು ತಿಂದಿದ್ದಿರಿ, ಯಾವ ಬಸ್ಸು ಎಂದು ಮಾತಾಡಿಸಿದರು. ನಾನು ಒಂಟಿಗಾಲಲ್ಲಿ ಚಹಾ ಮಾಡಿ ಕೊಟ್ಟೆ. ಕಪ್ಪು ತೆಗೆದುಕೊಳ್ಳುವಾಗ ಗುರುರಾಜ ಕಣ್ಣಂಚಿನಲ್ಲಿ ಪ್ಲಾಸ್ಟರ್ ನೋಡಿ, “ಆ ಫೋಟೋ ಆದ್ರೂ ಬಂದದೋ ಇಲ್ಲೋ?” ಎಂದು ಕೇಳಿದ. ಬಂದಿತ್ತು. ಮುಕ್ಕಾಲು ಆಕಾಶ, ಕಾಲು ಮೈದಾನ. ಅವನು ಅದನ್ನು ಬಹಳ ಹೊತ್ತು ನೋಡಿ ತನ್ನ ಮೊಬೈಲಿಗೆ ಕಳಿಸಿಕೊಂಡ. ಪಾಂಡುರಂಗ ವಿಮಾನದಲ್ಲಿ ಊಟಕ್ಕೆ ಏನು ಕೊಟ್ಟರು ಎಂದು ಕೇಳಿದ. ಆಗ ನನಗೆ ಹೋದ ಜೀವ ಬಂತು.

ಅವರೆಲ್ಲ ಹೋದ ಮೇಲೆ ಅಕ್ಕ ಎದ್ದು ಕೂತು, ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಮೆಂತ್ಯದ ಹಿಟ್ಟಿನ ಡಬ್ಬಿಯ ಕೆಳಗೆ, ಹೊಚ್ಚಹೊಸ ನೀಲಿ ಪಾಸ್‌ಪೋರ್ಟು. ಫೋಟೋದಲ್ಲಿ ಅವಳು ಯಾರನ್ನೋ ಮಾತಾಡಿಸಲು ಬಂದವರ ಹಾಗೆಯೇ ಗಂಭೀರವಾಗಿದ್ದಳು. ಬಸ್ಸಿನಲ್ಲಿ ಗಬ್ಬೂರು ದಾಟಲಾಗದ ನೀನು ಅಷ್ಟು ದೂರ ಹೇಗೆ ಬರುತ್ತಿದ್ದೆ ಅಕ್ಕ ಎಂದೆ. “ಇನ್ನೆರಡು ನಿಂಬೆಹಣ್ಣು ಹೆಚ್ಚಿಗಿ ಇಟ್ಕೋತಿದ್ದೆ” ಎಂದಳು. ಪಾಸ್‌ಪೋರ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ, “ಇದು ಹತ್ತು ವರ್ಷ ನಡೀತದಂತ. ಅಷ್ಟರಾಗ ಇನ್ನೊಮ್ಮೆ ಎಲ್ಲಿಗಾದ್ರೂ ಹೋಗಿ ಬೀಳು” ಎಂದಳು.

ಬಸನಗೌಡ ಮತ್ತೆ ಕರೆಯುತ್ತಿದ್ದಾನೆ. ಘೌಸ್ ಇನ್ನೂ ಮಸ್ತ್ ಇರುವ ಹೊಸ ಪಾಲಿಸಿ ಬಂದಿದೆ ಎನ್ನುತ್ತಾನೆ. ಹೋಗುವ ಮನಸ್ಸು ನನಗೂ ಇದೆ. ಆದರೆ ಅಲ್ಲಿಗೆ ಹೋಗಿ, ಎಲ್ಲಿಯೂ ಬೀಳದೆ, ಏನೂ ಆಗದೆ, ಗಟ್ಟಿಮುಟ್ಟಾಗಿ ತಿರುಗಿ ಬಂದರೆ ಅಕ್ಕನಿಗೆ ಯಾವ ಮುಖ ತೋರಿಸುವುದು ಎಂಬುದೊಂದೇ ಈಗ ನನ್ನ ಯೋಚನೆ.